ತಣಿಗೆ ಬಡಿದವಳು

ನಮ್ಮೂರಿನ ಬಂಡೆಯ ಮೇಲೆ ಇವತ್ತು ಆಡಿದ ಮಾತು ನಾಳೆ ಅದೇ ಹೊತ್ತಿಗೆ ಇನ್ನೊಂದು ಸಲ ಕೇಳಿಸುತ್ತದೆ. ಒಂದೇ ಒಂದು ಸಲ. ಆಮೇಲೆ ಗಾಳಿಗೆ ಹೋಯಿತು. ಬಂಡೆ ಊರಿನ ಪಕ್ಕದಲ್ಲೇ ಇದೆ. ಎಷ್ಟು ಅಗಲ ಅಂದರೆ, ಈ ತುದಿಯಲ್ಲಿ ತಾಳಿ ಕಟ್ಟಿಸಿಕೊಂಡ ಹುಡುಗಿ ಆ ತುದಿ ಮುಟ್ಟುವಷ್ಟರಲ್ಲಿ ಬಾಣಂತಿಯಾಗಿರುತ್ತಾಳೆ. ನಾನು ಸ್ವಲ್ಪ ಹೆಚ್ಚಿಸಿ ಹೇಳುವವಳು ಅಂತ ಊರಿಗೆಲ್ಲ ಗೊತ್ತು. ಆದರೂ ಅಗಲ ಇದೆ.

ಹುಟ್ಟಿದಾಗಿನಿಂದ ಕೇಳಿಕೊಂಡು ಬಂದವರಿಗೆ ಇದರಲ್ಲಿ ಅತಿಶಯ ಏನೂ ಇಲ್ಲ. ಹೆಣ್ಣು ಕೊಡುವ ತರುವ ಮಾತುಕತೆ ಬಂಡೆಯ ಮೇಲೇ ಮಾಡುತ್ತೇವೆ. ಮರುದಿನ ಎರಡೂ ಕಡೆಯವರು ಬೆಲ್ಲ ಬಾಯಿಗೆ ಹಾಕಿಕೊಂಡು ಕೂತು ತಾವಾಡಿದ್ದನ್ನು ತಾವೇ ಕೇಳಿ ಏಳುತ್ತಾರೆ. ಆಮೇಲೆ ‘ನಾನು ಹಾಗೆ ಅಂದೇ ಇಲ್ಲ’ ಅನ್ನುವ ಗಂಡಸು ನಮ್ಮಲ್ಲಿ ಇನ್ನೂ ಹುಟ್ಟಿಲ್ಲ. ಮೇಕೆಮರಿಗಳು ನಿನ್ನೆಯ ತಾಯಿಯ ಕೂಗು ಕೇಳಿ ಬರಿ ಬಂಡೆಯ ಕಡೆಗೆ ಓಡುತ್ತವೆ, ಎರಡು ದಿನ ಮೋಸಹೋಗಿ ಮೂರನೆಯ ದಿನ ಬುದ್ಧಿ ಕಲಿಯುತ್ತವೆ. ಸೊಸೆಯಂದಿರು ಅತ್ತೆಯನ್ನು ಬೈಯಬೇಕೆನಿಸಿದರೆ ಬಂಡೆ ಇಳಿದು ಹಳ್ಳದ ಹತ್ತಿರ ಹೋಗಿ ಬೈದು ಬರುತ್ತಾರೆ.

ಆಡಬಾರದ ಮಾತನ್ನು ಬಂಡೆಯ ಮೇಲೇ ಆಡಿಬಿಟ್ಟವರಿಗೂ ಹಿರಿಯರು ಒಂದು ದಾರಿ ಇಟ್ಟಿದ್ದಾರೆ. ಮರುದಿನ ಹಿತ್ತಾಳೆ ತಣಿಗೆ, ಅಂದರೆ ಉಣ್ಣುವ ತಟ್ಟೆ, ಮತ್ತು ಒಂದು ಸೌಟು ತೆಗೆದುಕೊಂಡು ಹೋಗಿ, ತನ್ನ ಮಾತು ಬರುವ ಹೊತ್ತಿಗೆ ಬಡಿಯಬಹುದು. ಯಾಕೆ ಅಂತ ಯಾರೂ ಕೇಳಬಾರದು. ಆದರೆ ಬಡಿಯುವುದು ತನ್ನ ಮಾತಿನ ಮೇಲೆ ಮಾತ್ರ. ಇನ್ನೊಬ್ಬರ ಮಾತಿನ ಮೇಲೆ ತಣಿಗೆ ಬಡಿದವರು ಯಾರೂ ಇಲ್ಲ. ಇರಲಿಲ್ಲ ಅನ್ನಬೇಕು ಈಗ.

ನನ್ನ ತಣಿಗೆಯಂತೂ ಬಡಿದು ಬಡಿದು ಹಪ್ಪಳವಾಗಿದೆ, ಹಿಡಿದು ನೋಡಿದರೆ ಆಚೆ ಕಡೆಯ ಸೂರ್ಯ ಕಾಣಬೇಕು. ಬಾಯಿ ಅಂಥದ್ದು. ಗಿರಣಿ ಮೂಡ್ಲಪ್ಪನ ಹೊಟ್ಟೆಯನ್ನು ಆಡಿಕೊಂಡೆ, ಮರುದಿನ ಬಡಿದೆ. ಯಾರದೋ ಹೊಸ ಹಲ್ಲನ್ನು ಆಡಿಕೊಂಡೆ, ಮರುದಿನ ಬಡಿದೆ. ‘ಬೊಮ್ಮಜ್ಜಿ ಬಂಡೆ ಹತ್ತಿದ್ಲು, ನಾಳೆ ಹಬ್ಬ’ ಅಂತ ಜನ ನಗುತ್ತಾರೆ. ಒಂದೇ ಒಂದು ಸಲ ನಾನು ತಣಿಗೆ ಇಲ್ಲದೆ ಹೋಗಿ ಕೂತಿದ್ದೆ. ನನ್ನ ಗಂಡ ರಾತ್ರಿ ಮಲಗಿದವನು ಬೆಳಿಗ್ಗೆ ಏಳಲಿಲ್ಲ. ಹಿಂದಿನ ದಿನ ಮಧ್ಯಾಹ್ನ ಬಂಡೆಯ ಮೇಲೆ ನನ್ನನ್ನು ಕೂಗಿದ್ದ. ಮಣ್ಣು ಮಾಡುವುದನ್ನು ಅರ್ಧ ಗಳಿಗೆ ನಿಲ್ಲಿಸಿ ನನ್ನನ್ನು ಕರೆದುಕೊಂಡು ಹೋಗಿ ಕೂರಿಸಿದರು. ‘ಏ ಬೊಮ್ಮಿ, ಆ ಕರಿ ಮೇಕೆ ಹಿಡ್ಕಳೇ, ಹೊಲಕ್ಕೆ ಬೀಳ್ತದೆ!’ ಅಷ್ಟೇ ಅಂದದ್ದು. ಊರಿಗೆ ಊರೇ ಉಸಿರು ಹಿಡಿದು ನಿಂತಿತ್ತು. ಕೆಮ್ಮು ಬಂದವರು ಸೆರಗು ಬಾಯಿಗೆ ತುರುಕಿಕೊಂಡರು. ಅವತ್ತಿನಿಂದ ನಾನು ಬಿಳಿ ಸೀರೆ.

ಈ ಬಂಡೆಯ ಮೇಲೆ ಧಣಿ ಶಂಭುಲಿಂಗಪ್ಪ ವಿಮಾನ ಇಳಿಸಿದರು. ಕಲ್ಲು ಮಾರಿ ದೊಡ್ಡವರಾದ ಮನುಷ್ಯ, ಕಾರಿನಲ್ಲಿ ಕೂತರೆ ಸೊಂಟ ನೋಯುತ್ತದಂತೆ. ಬಂಡೆಯ ಬಿರುಕುಗಳಿಗೆ ಗರಸು ಮಣ್ಣು ತುಂಬಿಸಿ, ಎರಡು ಕಡೆಗೂ ಸುಣ್ಣದ ಗೆರೆ ಎಳೆಸಿ, ಓಡುದಾರಿ ಅಂದರು. ವಿಮಾನ ಅಂದರೆ ನನ್ನ ಮೇಕೆ ದೊಡ್ಡಿಗೆ ಎರಡು ರೆಕ್ಕೆ ಕಟ್ಟಿದ ಹಾಗೆ. ಅದನ್ನು ನಡೆಸಲು ಮೆಲ್ವಿನ್ ಅಂತ ಒಬ್ಬ ಹುಡುಗ ಬಂದ. ಮೀಸೆ ಇನ್ನೂ ಬರಲೋ ಬೇಡವೋ ಅಂತ ಯೋಚಿಸುತ್ತಿದ್ದ ಪ್ರಾಯ, ಕಂಡಾಗಲೆಲ್ಲ ‘ಊಟ ಆಯ್ತಾ ಅಜ್ಜಿ’ ಅನ್ನುತ್ತಿದ್ದ. ಊರು ಇದಕ್ಕೂ ಹೊಂದಿಕೊಂಡಿತು. ಇವತ್ತು ವಿಮಾನ ಹಾರಿದರೆ ನಾಳೆ ಬರಿ ಸದ್ದು ಹಾರುತ್ತದೆ. ಮೊದಮೊದಲು ನಾಯಿಗಳು ಖಾಲಿ ಆಕಾಶಕ್ಕೆ ಬೊಗಳಿ ಗಂಟಲು ಕೆಡಿಸಿಕೊಂಡವು, ಆಮೇಲೆ ನಿಜವಾದ ವಿಮಾನಕ್ಕೂ ಬೊಗಳುವುದು ಬಿಟ್ಟವು.

ಓಡುದಾರಿಯ ಆ ತುದಿಯಲ್ಲಿ ನಿಲ್ಲುವುದು ಪಾಲಯ್ಯನ ಕೆಲಸ. ದನ ಮೇಕೆ ಓಡಿಸಿ, ಕಲ್ಲು ಕಡ್ಡಿ ತೆಗೆದು, ದಾರಿ ಸರಿಯಿದೆ ಅಂತ ಅನ್ನಿಸಿದರೆ ಬಿಳಿ ಬಟ್ಟೆ ಆಡಿಸಬೇಕು. ಇಲ್ಲದಿದ್ದರೆ ಕೆಂಪು ಬಟ್ಟೆ. ಬಿಳಿ ಕಂಡರೆ ಮೆಲ್ವಿನ್ ವಿಮಾನ ಬಿಡುತ್ತಾನೆ. ಅಷ್ಟಕ್ಕೆ ಧಣಿ ಪಾಲಯ್ಯನಿಗೆ ವಿಮಾನ ನಿಲ್ಲಿಸುವ ಶೆಡ್ಡಿನ ಪಕ್ಕ ಒಂದು ಮನೆ ಕೊಟ್ಟಿದ್ದರು. ಪಾಲಯ್ಯ, ಅವನ ಹೆಂಡತಿ ತಿಪ್ಪಕ್ಕ, ಅವನ ಕುರುಡಿ ತಾಯಿ ಅಲ್ಲೇ ಇದ್ದರು. ನನ್ನ ಮೇಕೆ ಮೇಯುವುದೂ ಅದೇ ತುದಿಯಲ್ಲಿ. ಹಾಗಾಗಿ ಪಾಲಯ್ಯನ ತಲೆ ತಿನ್ನುವುದು ನನ್ನ ಕೆಲಸ. ಅವನು ನಗುತ್ತಿರಲಿಲ್ಲ, ಸಿಟ್ಟಾಗುತ್ತಲೂ ಇರಲಿಲ್ಲ. ಅಂಥವನನ್ನು ರೇಗಿಸುವುದು ಎಂದರೆ ನನಗೆ ಇನ್ನೂ ಹುರುಪು.

ಅವತ್ತು ಬೆಳಿಗ್ಗೆ ಆ ತುದಿಯಲ್ಲಿ ನಾವಿಬ್ಬರೇ. ಊರ ಕಡೆಯ ಈ ತುದಿಯಲ್ಲಿ ವಿಮಾನ ಗುರುಗುಡುತ್ತಾ ನಿಂತಿತ್ತು, ಒಳಗೆ ಮೆಲ್ವಿನ್, ಧಣಿ. ಪಾಲಯ್ಯ ಒಂದು ಬಿರುಕಿನೊಳಗೆ ಸೊಂಟದವರೆಗೆ ಇಳಿದು ಸಲಿಕೆ ಆಡಿಸುತ್ತಿದ್ದ.

“ಏ ಪಾಲಯ್ಯ, ಏನಲಾ ಅದು, ನಿಮ್ಮಪ್ಪ ಹೂತಿಟ್ಟ ಹೊನ್ನಾ?” ಅಂದೆ.

“ಹಂದಿ ಕೆದರಿ ಗರಸೆಲ್ಲ ಕಿತ್ತೈತೆ ಕಣಜ್ಜಿ,” ಅಂದ ತಲೆ ಎತ್ತದೆ. “ಇದು ತುಂಬೋಗಂಟ ಬಿಳಿ ಬಟ್ಟೆ ಎತ್ತಂಗಿಲ್ಲ. ಎರಡೂ ಸೊಂಟದಾಗೆ ಸಿಗಿಸೀನಿ. ಧಣಿ ಕಾಯ್ಲಿ.”

“ಧಣಿ ಕಾದ್ರೆ ಬೆಣ್ಣೆ ಹಂಗೆ ಕರಗಿ ಸೀಟಿಗೆ ಅಂಟ್ಕಂತಾರೆ. ನೀನು ಬಿಡು, ನಾನೇ ಹಾರಿಸ್ತೀನಿ ನಿನ್ನ ವಿಮಾನವ!”

ಇಷ್ಟು ಅಂದು ಸುಮ್ಮನಾಗಬೇಕಿತ್ತು. ಸುಮ್ಮನಾಗುವ ಹೆಂಗಸಾಗಿದ್ದರೆ ನನ್ನ ತಣಿಗೆ ಇನ್ನೂ ದಪ್ಪವಾಗಿರುತ್ತಿತ್ತು. ಓಡುದಾರಿಯ ನಡುವೆ ನಿಂತು ಸೆರಗು ಬಿಚ್ಚಿ ತಲೆಯ ಮೇಲೆ ಬೀಸಿದೆ, ಸೊಂಟವನ್ನೂ ಎರಡು ಸುತ್ತು ತಿರುಗಿಸಿದೆ. “ಬಾರಪ್ಪ ಪೈಲಟ್ಟು, ಮದುಮಗಳು ತಯಾರಾಗೌಳೆ, ಕರ್ಕಂಡು ಹೋಗು!”

ಪಾಲಯ್ಯ ತಿರುಗಿಯೂ ನೋಡಲಿಲ್ಲ. ದಿನಾ ಕೇಳುವ ಒದರಾಟ.

ಊರ ಕಡೆಯ ತುದಿಯಿಂದ ಸದ್ದು ಏರಿತು. ವಿಮಾನ ಬರುತ್ತಿದೆ ಅಂತ ನನ್ನ ಕಣ್ಣಿಗೆ ಕಂಡಿತು, ಯಾಕೆ ಬರುತ್ತಿದೆ ಅಂತ ತಲೆಗೆ ಹೋಗಲಿಲ್ಲ. ಸೆರಗು ಇನ್ನೂ ಮೇಲೇ ಇತ್ತು. ಆಮೇಲೆ ತಲೆಗೆ ಹೋಯಿತು. ಬಾಯಿ ತೆರೆದೆ, ಧ್ವನಿ ಬರಲಿಲ್ಲ. ನನ್ನ ಬಾಯಿಂದ! ಪಕ್ಕಕ್ಕೆ ಬಿದ್ದೆ. ಪಾಲಯ್ಯ ಸಲಿಕೆ ಬಿಸಾಕಿ ಬಿರುಕಿನಿಂದ ಹಾರಿ ಕೆಂಪು ಬಟ್ಟೆಗೆ ಕೈ ಹಾಕುವಷ್ಟರಲ್ಲಿ ಅದು ಬಂದೇಬಿಟ್ಟಿತು. ಮುಂದಿನ ಚಕ್ರ ಬಿರುಕಿಗೆ ಇಳಿಯಿತು. ವಿಮಾನ ಮೂಗು ಉಜ್ಜಿಕೊಂಡು, ಒಂದು ರೆಕ್ಕೆ ಮುರಿದುಕೊಂಡು, ಕಳ್ಳಿಬೇಲಿಗೆ ಹೋಗಿ ಒರಗಿತು. ರೆಕ್ಕೆ ಪಾಲಯ್ಯನ ತಲೆಯ ಮೇಲೆ ಒಂದು ಗೇಣು ಎತ್ತರದಲ್ಲಿ ಹಾದುಹೋಯಿತು. ಇದನ್ನು ನಾನು ಹೆಚ್ಚಿಸಿ ಹೇಳುತ್ತಿಲ್ಲ.

ಧಣಿಗೆ ಹಣೆ ತರಚಿತ್ತು, ಅಷ್ಟೇ. ಮೆಲ್ವಿನ್ ಕಾಲು ಮುರಿದಿತ್ತು. ಪಾಲಯ್ಯನೇ ಅವನನ್ನು ಎಳೆದು ಹೊರಗೆ ತಂದು ಬಂಡೆಯ ಮೇಲೆ ಮಲಗಿಸಿದ. ಊರು ಓಡಿಬಂತು. ಧಣಿ ಹಣೆಗೆ ಟವೆಲ್ಲು ಒತ್ತಿಕೊಂಡು ಪಾಲಯ್ಯನ ಮೇಲೆ ಎಗರಿದರು. “ಗುಂಡಿ ಇಟ್ಕಂಡು ಬಿಳಿ ಬಟ್ಟೆ ತೋರಿಸ್ತೀಯೇನೋ? ಸಾಯ್ಸಬೇಕು ಅಂತ ಮಾಡಿದ್ಯಾ?”

“ನಾನು ಎತ್ತಿಲ್ಲ ಧಣೇರ.”

“ಮೆಲ್ವಿನ್, ನೀನು ಹೇಳಪ್ಪ.”

ಹುಡುಗ ಹಲ್ಲು ಕಚ್ಚಿ ಹೇಳಿದ, “ಬಿಳಿ ಬಟ್ಟೆ ಆಡಿದ್ದನ್ನ ಕಣ್ಣಾರೆ ನೋಡ್ದೆ ಸಾರ್. ನೋಡ್ದೆ ಇದ್ರೆ ನಾನು ಬಿಡ್ತಾನೇ ಇರ್ಲಿಲ್ಲ.”

ಪಾಲಯ್ಯ ಸೊಂಟದಲ್ಲಿದ್ದ ಬಿಳಿ ಬಟ್ಟೆಯನ್ನು ಮುಟ್ಟಿ ನೋಡಿಕೊಂಡ. ತನ್ನ ಕೈ ತನಗೆ ಗೊತ್ತಿಲ್ಲದೆ ಎತ್ತಿತೇನೋ ಅನ್ನುವ ಹಾಗೆ. ಆಮೇಲೆ ನನ್ನ ಕಡೆ ತಿರುಗಿದ. “ಅಜ್ಜಿ ಇಲ್ಲೇ ಇದ್ಲು. ಕೇಳ್ರಿ ಬೇಕಾದ್ರೆ. ಅಜ್ಜಿ, ನಾನು ಬಟ್ಟೆ ಎತ್ತಿದ್ನಾ?”

ಊರೆಲ್ಲ ನನ್ನ ಮುಖ ನೋಡಿತು. ಅಷ್ಟರಲ್ಲಿ ನನಗೆ ಅರ್ಥವಾಗಿತ್ತು. ಸೆರಗನ್ನು ಎರಡು ಸುತ್ತು ಸುತ್ತಿ ಕಂಕುಳಲ್ಲಿ ಒತ್ತಿಕೊಂಡಿದ್ದೆ, ಕದ್ದ ಕೋಳಿಯ ಹಾಗೆ.

“ನನ್ನ ಕಣ್ಣಿಗೆ ಪೊರೆ ಬಂದಿರೋದು ನಿಂಗೆ ಗೊತ್ತಿಲ್ವೇನಪ್ಪ,” ಅಂದೆ. “ನಂಗೇನು ಕಾಣ್ತದೆ.”

ಹಿಂದಿನ ದಿನವಷ್ಟೇ ಮೂಡ್ಲಪ್ಪನ ಗಿರಣಿಯ ಮಾಡಿನ ಮೇಲೆ ಕೂತ ಗುಬ್ಬಿಯ ಕಣ್ಣು ಮೆಳ್ಳೆ ಅಂತ ಹೇಳಿ ನಗಿಸಿದ ಹೆಂಗಸು ನಾನು. ಯಾರಿಗೂ ನೆನಪಾಗಲಿಲ್ಲ. ಪಾಲಯ್ಯ ತಲೆ ತಗ್ಗಿಸಿದ.

“ನಾಳೆ ಬಂಡೆ ಏನು ಹೇಳ್ತದೋ ಕೇಳಣ,” ಅಂದರು ಧಣಿ. “ವಿಮಾನ ಬೀಳೋಕೆ ಮುಂಚಿನ ಒಂದು ಮಾತು ನಿನ್ನ ಪರವಾಗಿ ಬಂದ್ರೂ ಸರಿ. ಬರ್ಲಿಲ್ಲ ಅಂದ್ರೆ ಸಂಜೆಗೆ ಮನೆ ಖಾಲಿ ಮಾಡು. ಊರಾಗೂ ಇರಬ್ಯಾಡ.”

ತಿಪ್ಪಕ್ಕ ಸಮಾಧಾನದಿಂದ ಕಣ್ಣು ಒರೆಸಿಕೊಂಡಳು. ಬಂಡೆ ಹೇಳುತ್ತದಲ್ಲ, ಇನ್ನೇನು ಭಯ. ಮನೆಗೆ ಹೋಗುವಾಗ ನನ್ನ ಕೈ ಹಿಡಿದು, “ಬಿದ್ದು ಪೆಟ್ಟಾಯ್ತೇನಜ್ಜಿ? ಸಂಜೆ ಎಣ್ಣೆ ಕಾಯ್ಸಿ ತತ್ತೀನಿ,” ಅಂದಳು. ತಂದಳು ಕೂಡ. ನನ್ನ ಮೊಣಕಾಲಿಗೆ ಉಜ್ಜಿದಳು. ಉಜ್ಜಿಸಿಕೊಂಡೆ.

ಮರುದಿನ ನಾನು ತಣಿಗೆ ತೆಗೆದುಕೊಂಡೇ ಹೋದೆ. ಬಿಡಲು ಆಗಲಿಲ್ಲ. ನನ್ನ ಲೆಕ್ಕ ನನಗಿತ್ತು: ಪಾಲಯ್ಯನ ಮಾತು ಮುಗಿಯುವ ತನಕ ಸುಮ್ಮನಿದ್ದು, ‘ನಾನೇ ಹಾರಿಸ್ತೀನಿ’ ಅಂದ ನನ್ನ ಮಾತು ಶುರುವಾದಾಗ ಬಡಿದುಬಿಡುವುದು. ಅವನೂ ಉಳಿಯುತ್ತಾನೆ, ನಾನೂ ಉಳಿಯುತ್ತೇನೆ. ಸೆರಗು ಬೀಸಿದ್ದನ್ನು ಬಂಡೆ ಹೇಳುವುದಿಲ್ಲ, ಅದಕ್ಕೆ ಕಣ್ಣಿಲ್ಲ. ನನ್ನ ಕೈಯಲ್ಲಿ ತಣಿಗೆ ನೋಡಿ ಮೂಡ್ಲಪ್ಪ ನಕ್ಕ. “ನಿನ್ನೆ ಯಾರ ಹೊಟ್ಟೆ ಬಗ್ಗೆ ಅಂದ್ಯಜ್ಜಿ?”

ಹೊತ್ತು ಬಂತು. ಎಲ್ಲರೂ ಆ ಬಿರುಕಿನಿಂದ ಸ್ವಲ್ಪ ಈಚೆಗೆ ಕೂತರು. ಮೊದಲು ಮೇಕೆಗಳ ಕೂಗು, ಆಮೇಲೆ ಸಲಿಕೆಯ ಕರಕರ. ತಿಪ್ಪಕ್ಕ ಗಂಡನ ತೋಳು ಹಿಡಿದುಕೊಂಡಳು. ಆಮೇಲೆ ನನ್ನ ಧ್ವನಿ. ‘ಏ ಪಾಲಯ್ಯ, ಏನಲಾ ಅದು...’

ಎಷ್ಟು ವರ್ಷ ಆ ಧ್ವನಿಯ ಮೇಲೆ ಬಡಿದಿದ್ದೇನೆ! ಅದು ಕಿವಿಗೆ ಬಿದ್ದದ್ದೇ ಕೈ ತಾನಾಗಿ ಎದ್ದಿತು. ಬಡಿದೆ. ನಿಲ್ಲಿಸು ಅಂತ ತಲೆ ಹೇಳುತ್ತಿತ್ತು, ಈಗ ಅವನ ಮಾತು, ಈಗ ನಿಲ್ಲಿಸು ಅಂತ. ಭಯಕ್ಕೆ ಕೈ ಇನ್ನೂ ಜೋರಾಯಿತು. ಎಲ್ಲಿ ಅವನ ಮಾತು ಮುಗಿದು ನನ್ನದು ಶುರುವಾಗುತ್ತದೋ ತಣಿಗೆಯ ಸದ್ದಿನಲ್ಲಿ ನನಗೇ ಕೇಳಿಸದಾಯಿತು. ನಿಲ್ಲಿಸಿದಾಗ ಬಂಡೆಯ ತುಂಬ ನಿನ್ನೆಯ ವಿಮಾನದ ಸದ್ದು ತುಂಬಿಕೊಂಡಿತ್ತು. ಅದು ಓಡಿತು, ಬಿದ್ದಿತು, ಮುರಿಯಿತು. ಬರಿ ಬಂಡೆಯ ಮೇಲೆ ಮೆಲ್ವಿನ್ ನರಳಿದ.

ಮೊದಲು ಎದ್ದವಳು ತಿಪ್ಪಕ್ಕ. “ನನ್ನ ಗಂಡ ಮಾತಾಡಿದ್ದ ಅಲ್ಲಿ! ಅವನು ಮಾತಾಡಿದ್ದ ಜಾಗದಾಗೆ ಬಡಿದೆಯಲ್ಲಜ್ಜಿ! ನಿನ್ನ ಗಂಡನ ಮಾತು ಕೇಳೋವಾಗ ಊರು ಕೆಮ್ಮಿತ್ತೇನಜ್ಜಿ?”

ಅವಳು ಮದುವೆಯಾಗಿ ಬರುವ ಮೊದಲಿನ ಸಂಗತಿ ಅದು. ಯಾರೋ ಹೇಳಿದ್ದನ್ನು ನೆನಪಿಟ್ಟುಕೊಂಡಿದ್ದಳು.

ಮೂಡ್ಲಪ್ಪ ಕೂಡ ನನ್ನನ್ನು ನೋಡದೆ ನೆಲ ನೋಡಿದ. ಧಣಿ ಎದ್ದು ಪಂಚೆ ಕೊಡವಿದರು. “ಬಂಡೆ ಏನೂ ಹೇಳ್ಲಿಲ್ಲ. ಸಂಜೆಗೆ ಖಾಲಿ ಮಾಡು.”

ಪಾಲಯ್ಯ ಹೆಂಡತಿಯ ಭುಜ ಒತ್ತಿ ಕೂರಿಸಿದ. “ಹೋಗ್ಲಿ ಬಿಡು. ಅಜ್ಜಿಗೆ ಕೈ ನಡುಗ್ತದೆ, ಬೇಕಂತ ಮಾಡಿಲ್ಲ.”

ಅವನು ಬೈದಿದ್ದರೆ ನಾನು ತಿರುಗಿಸಿ ಬೈಯುತ್ತಿದ್ದೆ, ಅದು ನನಗೆ ಬರುತ್ತದೆ. ತಣಿಗೆ, ಸೌಟು ಬಂಡೆಯ ಮೇಲೆ ಇಟ್ಟು ಎದ್ದೆ.

“ಪಾಲಯ್ಯ ಬಟ್ಟೆ ಎತ್ತಿಲ್ಲ,” ಅಂದೆ. “ಗರಸು ತುಂಬೋಗಂಟ ಎತ್ತಂಗಿಲ್ಲ ಅಂತ ನಂಗೆ ಹೇಳಿದ್ದ. ಪೈಲಟ್ಟು ನೋಡಿದ್ದು ನನ್ನ ಸೆರಗು. ನಾನು ಕುಣಿದೆ. ತಮಾಷೆಗೆ.”

ಮೊದಲು ಮೂಡ್ಲಪ್ಪ ನಕ್ಕ, ಅವನ ಹಿಂದೆ ಇನ್ನಿಬ್ಬರು, ಆಮೇಲೆ ಎಲ್ಲರೂ.

“ಬೊಮ್ಮಜ್ಜಿ ಸೆರಗು ಬೀಸಿದ್ಕೆ ವಿಮಾನ ಓಡಿಬಂತಂತೆ!”

“ಸೊಂಟ ತಿರುಗಿಸಿದ್ರೆ ಬಂಡೆನೇ ಹಾರ್ತಿತ್ತು!”

ಒಬ್ಬ ಹೆಂಗಸು ಮಾತ್ರ ನನ್ನ ಬೆನ್ನು ಸವರಿ, “ಪಾಪ, ಆ ಮನೆ ಉಳಿಸೋಕೆ ಎಷ್ಟು ದೊಡ್ಡ ಮಾತು ಹೊತ್ಕಂಡೆ ಅಜ್ಜಿ. ನಿಂದು ಒಳ್ಳೆ ಮನಸ್ಸು,” ಅಂದಳು. ಸುಳ್ಳು ಹೇಳಿದಾಗಲೆಲ್ಲ ನಕ್ಕ ಊರು, ನಿಜ ಹೇಳಿದಾಗಲೂ ನಕ್ಕಿತು. ಒಳ್ಳೆಯವಳು ಅನ್ನಿಸಿಕೊಂಡದ್ದೇ ಎಲ್ಲಕ್ಕಿಂತ ಹೆಚ್ಚು ಸುಟ್ಟಿತು. ಪಾಲಯ್ಯ ನಗಲಿಲ್ಲ. ನನ್ನನ್ನೇ ನೋಡುತ್ತಿದ್ದ. ನಿನ್ನೆ ಅವನ ಬೆನ್ನ ಹಿಂದೆ ಕೇಳಿಸಿದ್ದ ಒದರಾಟ ಈಗ ಅವನಿಗೆ ನೆನಪಾಗುತ್ತಿತ್ತು ಅಂತ ಕಾಣುತ್ತದೆ. ಆದರೂ ಬಾಯಿ ಬಿಡಲಿಲ್ಲ. ನಾನೇ ಹೇಳಲಿ ಅಂತ ಬಿಟ್ಟನೋ, ಏನೋ.

“ನಂಬಬ್ಯಾಡ್ರಪ್ಪ ನನ್ನ,” ಅಂದೆ. “ಆ ಹುಡುಗನ್ನ ಮಂಚದ ಸಮೇತ ಹೊತ್ಕಂಡು ಬರ್ರಿ. ವಿಮಾನ ನಿಂತಿದ್ದ ಜಾಗದಾಗೆ ಇಡ್ರಿ. ನಾನು ಆ ತುದೀಗೆ ಹೋಗ್ತೀನಿ. ಪಾಲಯ್ಯನೂ ಬಂದು ಆ ಬಿರುಕಿನಾಗೆ ಇಳೀಲಿ. ಹುಡುಗ ಏನು ನೋಡಿದ್ದ ಅಂತ ಹುಡುಗನೇ ಹೇಳ್ಲಿ.”

ಧಣಿಗೆ ಇಷ್ಟವಿರಲಿಲ್ಲ. ಆದರೆ ಹುಡುಗನ ಮಂಚ ಹೊರಲು ನಾಲ್ಕು ಜನ ಆಗಲೇ ಹೊರಟಿದ್ದರು. ಊರಿಗೆ ನೋಟ ಬೇಕಿತ್ತು.

ಆ ತುದಿಯವರೆಗೆ ನಡೆದೆ. ಅರ್ಧ ಊರು ಮಂಚದ ಹತ್ತಿರ, ಅರ್ಧ ಊರು ನನ್ನ ಹಿಂದೆ. ಪಾಲಯ್ಯ ಬಿರುಕಿಗೆ ಇಳಿದು ಬೆನ್ನು ಹಾಕಿ ಬಗ್ಗಿದ. ನಾನು ಓಡುದಾರಿಯ ನಡುವೆ ನಿಂತು ಸೆರಗು ಬಿಚ್ಚಿದೆ. ನಿನ್ನೆ ಗಾಳಿಯಷ್ಟು ಹಗುರವಾಗಿದ್ದ ಬಟ್ಟೆ ಇವತ್ತು ಒದ್ದೆ ಕಂಬಳಿಯ ಹಾಗಿತ್ತು. ಎತ್ತಿದೆ, ಬೀಸಿದೆ.

“ಕುಣೀಬೇಕಲ್ಲಜ್ಜಿ, ನಿನ್ನೆ ಕುಣಿದಿದ್ಯಂತೆ,” ಅಂತ ಯಾರೋ ಕೂಗಿದರು.

ಕುಣಿದೆ. ಮೊಣಕಾಲಲ್ಲಿ ತಿಪ್ಪಕ್ಕ ಹಚ್ಚಿದ ಎಣ್ಣೆಯ ವಾಸನೆ ಇನ್ನೂ ಇತ್ತು. ಸೊಂಟ ಎರಡು ಸುತ್ತು ತಿರುಗಿಸಿ, ನಿನ್ನೆ ಅಂದದ್ದನ್ನೇ ಅಂದೆ. “ಬಾರಪ್ಪ ಪೈಲಟ್ಟು, ಮದುಮಗಳು ತಯಾರಾಗೌಳೆ, ಕರ್ಕಂಡು ಹೋಗು.” ಮೊದಲು ಹೆಂಗಸರು ನಕ್ಕರು. ಆಮೇಲೆ ಒಬ್ಬೊಬ್ಬರೇ ನಿಲ್ಲಿಸಿದರು. ನನ್ನ ಮುಖ ಹೇಗಿತ್ತೋ ನನಗೆ ಗೊತ್ತಿಲ್ಲ.

ಮಂಚದ ಕಡೆಯಿಂದ ಒಬ್ಬ ಓಡಿಬಂದ. ಅವನ ಹಿಂದೆ ಎಲ್ಲರೂ ಮಂಚವನ್ನು ಎತ್ತಿಕೊಂಡು ನಡೆದುಬಂದರು. ಮೆಲ್ವಿನ್ ಮೊಣಕೈ ಊರಿ ಎದ್ದು ಕೂತಿದ್ದ.

“ಇದೇ ಸಾರ್. ಇದೇ ಬಿಳಿ ಬಟ್ಟೆ. ಪಾಲಯ್ಯ ಅಲ್ಲಿ ಕಾಣ್ಸೋದೇ ಇಲ್ಲ.” ಆಮೇಲೆ ನನ್ನ ಕಡೆ ನೋಡಿದ. ಬೈಯುತ್ತಾನೆ ಅಂದುಕೊಂಡೆ. “ಯಾಕಜ್ಜಿ?” ಅಂದ, ಅಷ್ಟೇ.

ಯಾಕೆ ಅಂತ ಹೇಳಲು ನನ್ನ ಹತ್ತಿರ ಒಂದು ಒಳ್ಳೆಯ ಸುಳ್ಳಾದರೂ ಇರಬೇಕಿತ್ತು. ಇರಲಿಲ್ಲ. “ಪಾಲಯ್ಯನ್ನ ನಗಿಸೋಕೆ ಮಗಾ,” ಅಂದೆ.

ಧಣಿ ಶೆಡ್ಡಿನ ಕಡೆ ಹೊರಟರು. ಹೋಗುತ್ತಾ ಪಾಲಯ್ಯನ ಹತ್ತಿರ ನಿಂತು, “ಆ ಗುಂಡಿ ಗಟ್ಟಿಯಾಗಿ ತುಂಬ್ಸು,” ಅಂದರು. ಅವರಿಗೆ ಗೊತ್ತಿದ್ದ ತಪ್ಪೊಪ್ಪಿಗೆ ಅಷ್ಟೇ. ತಿಪ್ಪಕ್ಕ ಅಳುತ್ತಿದ್ದಳು, ನನ್ನ ಹತ್ತಿರ ಬರಲಿಲ್ಲ. ಬರಲಿ ಅಂತ ನಾನೂ ಕಾಯಲಿಲ್ಲ.

ಸಂಜೆ ಪಾಲಯ್ಯ ನನ್ನ ಬಾಗಿಲಿಗೆ ಬಂದ. ಕೈಯಲ್ಲಿ ಗಿಳಿಹಸಿರು ಬಣ್ಣದ ಒಂದು ಸೀರೆ, ಅಂಚಿಗೆ ಕೆಂಪು ಹೂವು. ತಿಪ್ಪಕ್ಕನದು, ಮದುವೆಯಾದ ಹೊಸದರಲ್ಲಿ ಉಟ್ಟಿದ್ದು.

“ಇನ್ಮೇಲೆ ಬಂಡೆಗೆ ಬರಬೇಕಾದ್ರೆ ಇದು ಉಟ್ಕಂಡು ಬಾ,” ಅಂದ. “ಬಿಳಿ ಬ್ಯಾಡ.”

“ಈ ವಯಸ್ಸಿಗೆ? ಜನ ಏನಂತಾರೋ?”

“ಅನ್ಲಿ,” ಅಂದ ಪಾಲಯ್ಯ. “ನೀನು ಎಲ್ರಿಗೂ ಅಂದಿಲ್ವಾ?”

ಅಷ್ಟು ಹೇಳಿ ಹೋದ. ಸಿಟ್ಟೋ ಅಲ್ಲವೋ ಅಂತ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಮರುದಿನ ಹಸಿರು ಸೀರೆ ಉಟ್ಟು ಊರ ನಡುವೆ ನಡೆದು ಬಂಡೆ ಹತ್ತಿದೆ. ಮಕ್ಕಳು ಹಿಂದೆ ಬಂದರು, ಗಿಳಿಯಜ್ಜಿ ಗಿಳಿಯಜ್ಜಿ ಅಂತ. ಮೂಡ್ಲಪ್ಪ ಗಿರಣಿಯನ್ನೇ ನಿಲ್ಲಿಸಿ ಹೊರಗೆ ಬಂದು ನೋಡಿದ. ನನ್ನ ತಣಿಗೆ ನಾನು ಬಿಟ್ಟುಬಂದ ಜಾಗದಲ್ಲೇ ಬಂಡೆಯ ಮೇಲೆ ಬಿದ್ದಿತ್ತು. ಅದರಾಚೆ ತಿಪ್ಪಕ್ಕ ಕೂತಿದ್ದಳು. ನಾನು ಈಚೆ ಕೂತೆ.

ಮೊದಲು ತಣಿಗೆಯ ಸದ್ದು ಬಂತು. ನಿನ್ನೆ ನಾನು ಬಡಿದದ್ದು. ಎಷ್ಟು ಹೊತ್ತು ಬಡಿದಿದ್ದೆ ಅಂತ ಅವತ್ತು ಗೊತ್ತಾಗಿರಲಿಲ್ಲ. ಅದು ನಿಲ್ಲುವುದೇ ಇಲ್ಲವೇನೋ ಅನ್ನಿಸಿತು. ಅದರ ಕೆಳಗೆ ಪಾಲಯ್ಯನ ಮಾತು ಎಲ್ಲಾದರೂ ಉಳಿದಿದೆಯೇನೋ ಅಂತ ಇಬ್ಬರೂ ಕಿವಿ ಕೊಟ್ಟೆವು. ಇರಲಿಲ್ಲ. ಆಮೇಲೆ ತಿಪ್ಪಕ್ಕನ ಕೂಗು ಬಂತು, ಅವಳು ತನ್ನ ಧ್ವನಿಗೆ ತಾನೇ ಬೆಚ್ಚಿ ನೆಲ ನೋಡಿದಳು. ಇನ್ನು ನನ್ನದು ಬರಬೇಕು.

ತಿಪ್ಪಕ್ಕ ಮೆಲ್ಲಗೆ ತಣಿಗೆಯನ್ನು ಎತ್ತಿಕೊಂಡಳು. ಸೌಟು ಹಿಡಿದು ನನ್ನ ಮುಖ ನೋಡಿದಳು. ಬಡಿಯಲೇನಜ್ಜಿ ಅಂತ ಕಣ್ಣಲ್ಲೇ ಕೇಳಿದಳು.

ನಾನು ಅವಳ ಕೈಯಿಂದ ಸೌಟು ತೆಗೆದು ಹಸಿರು ಸೆರಗಿನೊಳಗೆ ಇಟ್ಟುಕೊಂಡೆ.

‘ಪಾಲಯ್ಯ ಬಟ್ಟೆ ಎತ್ತಿಲ್ಲ,’ ಅಂದಿತು ಬಂಡೆ. ಯಾರೋ ಮುದುಕಿಯ ಧ್ವನಿ, ತೆಳ್ಳಗೆ, ಒಡಕು. ನನ್ನದು ಇಷ್ಟು ಸಣ್ಣದು ಅಂತ ನನಗೆ ಗೊತ್ತೇ ಇರಲಿಲ್ಲ. ಕೊನೆಯವರೆಗೂ ಕೇಳಿದೆ. ಅದರಲ್ಲಿ ಒಂದು ಮಾತೂ ಹೆಚ್ಚಿಗೆ ಇರಲಿಲ್ಲ.